ಕಸ ಹಿಂದಕ್ಕೆ ಹಾಕಿದ ಭಾನುವಾರ

ಅಥವಾ ಕಪ್ಪೆಗಳು ಕೂಗುತ್ತಿಲ್ಲ ಎಂಬುದನ್ನು ನಾನು ಆ ಸಂಜೆ ಗಮನಿಸಿರಲೇ ಇಲ್ಲವೇನೋ. ಆಮೇಲೆ, ಎಲ್ಲ ತಿಳಿದ ಮೇಲೆ, ಆ ಮೌನವನ್ನು ಹಿಂದಕ್ಕೆ ಒಯ್ದು ಆ ಸಂಜೆಯೊಳಗೆ ಇಟ್ಟಿರಬಹುದು. ನಮ್ಮ ಮನೆಗಳ ತಲೆಯ ಮೇಲೇ ವಿಮಾನಗಳು ಇಳಿಯುತ್ತಿದ್ದ ಕಾಲ ಅದು. ಆ ಸದ್ದಿನಲ್ಲಿ ಪಕ್ಕದ ಮನೆಯವರು ಕರೆದರೂ ಕೇಳಿಸುತ್ತಿರಲಿಲ್ಲ. ಹಾಗಿರುವಾಗ ಇಲ್ಲದ ಕಪ್ಪೆಯ ಇಲ್ಲದ ಕೂಗು ಕೇಳಿಸಿತೆಂದರೆ ಯಾರು ನಂಬಬೇಕು?

ನಾನು ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವಳು. ಬಿಡಿಭಾಗವೊಂದು ಮೇಜಿಗೆ ಬಂದರೆ ಅದಕ್ಕೊಂದು ಬಣ್ಣದ ಚೀಟಿ ಕಟ್ಟದೆ ಕೆಳಗಿಡುವಂತಿರಲಿಲ್ಲ. ನಮ್ಮ ಮೇಜಿನ ಲೆಕ್ಕದಲ್ಲಿ ಹಸಿರೆಂದರೆ ಸರಿ, ಹಳದಿಯೆಂದರೆ ಅನುಮಾನ, ಕೆಂಪೆಂದರೆ ತಿರಸ್ಕಾರ. ಕಪ್ಪೆಗಳ ಮೌನಕ್ಕೆ ಹಳದಿ ಕಟ್ಟಿ ಮುಂದಕ್ಕೆ ಹೋಗುತ್ತೇನೆ.

ಹಸಿರು ಕಟ್ಟಬಹುದಾದ ಸಂಗತಿಗಳೂ ಇವೆ. ತೊಂಬತ್ತರ ದಶಕದ ಕೊನೆ. ವಿಮಾನಪುರದಿಂದ ಮಾರತ್ತಹಳ್ಳಿಯ ಕಡೆಗೆ ಇಳಿಯುವ ಒಂದು ಒಳರಸ್ತೆ, ಅದರ ಪಕ್ಕಕ್ಕೇ ಒಂದು ಹಳ್ಳ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುವ ದಾರಿ ಅದು. ಒಂದು ಮಳೆಗಾಲದಲ್ಲಿ ರಸ್ತೆಯ ಅಂಚು ಹಳ್ಳದೊಳಕ್ಕೆ ಕುಸಿಯಿತು. ಗುತ್ತಿಗೆದಾರ ಬಂದ, ಬುಡಕ್ಕೆ ಕಲ್ಲು ಕಟ್ಟಿಸಿದ, ಮಣ್ಣು ತುಂಬಿಸಿ ದಂಡೆಯನ್ನು ಇಳಿಜಾರು ಮಾಡಿಸಿದ. ಹೋಗುವಾಗ ಅವನ ಜೆಸಿಬಿ ಹಳ್ಳದ ಜೊಂಡು, ಹುಲ್ಲು, ಪೊದೆ ಎಲ್ಲವನ್ನೂ ಕೆರೆದು ಲಾರಿಗೆ ತುಂಬಿತು. ಉಳಿದದ್ದು ಹಸಿಗಾಯದಂಥ ಕೆಂಪು ಮಣ್ಣು.

ಪಾಲಿಕೆಯ ಎಂಜಿನಿಯರ್ ನೋಡಲು ಬಂದ ದಿನ ನಾವು ಕೆಲವರು ರಸ್ತೆಯಲ್ಲಿ ನಿಂತಿದ್ದೆವು. ನಾನು, ನಮ್ಮ ಕಾರ್ಖಾನೆಯಿಂದಲೇ ನಿವೃತ್ತರಾದ, ಹಲಸೂರಿನಲ್ಲಿ ಹುಟ್ಟಿ ನಮ್ಮ ಬೀದಿಯಲ್ಲಿ ಮನೆ ಕಟ್ಟಿಕೊಂಡಿದ್ದ ಫೋರ್‌ಮನ್, ಮತ್ತೆ ಹಾಲಿನಮ್ಮ. ಹಾಲಿನಮ್ಮ ಎಂದರೆ ಆ ಹಳ್ಳದಾಚೆಯ ಹಳೇ ಊರಿನ ಹೆಂಗಸು. ಅವರ ಹೊಲಗಳೆಲ್ಲ ಬಡಾವಣೆಯಾಗಿದ್ದವು. ಮಕ್ಕಳು ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಹಾಲು ಮಾರದಿದ್ದರೂ ಊಟಕ್ಕೇನೂ ಕಷ್ಟವಿರಲಿಲ್ಲ. ಆದರೂ ಅವರು ಮೂರು ಹಸು ಕಟ್ಟಿದ್ದರು. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: "ಬಾಡಿಗೆ ಹುಡುಗ್ರದು. ಹಸ ನಂದು." ಆ ಹಸುಗಳು ತಿನ್ನುತ್ತಿದ್ದ ಹಸಿ ಹುಲ್ಲೆಲ್ಲ ಈ ದಂಡೆಯದ್ದು. ಸುತ್ತ ಮೈಲಿಗಟ್ಟಲೆ ಬೇರೆ ಹುಲ್ಲಿರಲಿಲ್ಲ.

"ಇದನ್ನ ಬಾಕ್ಸ್ ಮಾಡ್ಬಿಡ್ತೀವಿ ಮೇಡಂ," ಎಂದರು ಎಂಜಿನಿಯರ್. "ಅಡಿಗೂ ಪಕ್ಕಕ್ಕೂ ಕಾಂಕ್ರೀಟು, ಮೇಲೆ ಸ್ಲ್ಯಾಬು. ಮತ್ತೆ ಕುಸಿಯೋ ಪ್ರಶ್ನೆನೇ ಇಲ್ಲ. ಪಾರ್ಕಿಂಗ್‌ಗೂ ಆಗುತ್ತೆ ನಿಮಗೆ."

"ನಿನ್ ಸ್ಲ್ಯಾಬು ಹಸ ತಿಂತದೇನಪ್ಪ?" ಎಂದರು ಹಾಲಿನಮ್ಮ.

"ಅಮ್ಮ, ನಿಮ್ ಹಸುಗೆ ರಸ್ತೆ ಬೀಳಿಸ್ಕೊಂಡು ಕೂರೋಕಾಗುತ್ತಾ?"

ಆಗ ಫೋರ್‌ಮನ್ ಕೆಮ್ಮಿದರು. ಕಾರ್ಖಾನೆಯಲ್ಲೂ ಅವರು ಮಾತಾಡುವ ಮುಂಚೆ ಹೀಗೆ ಕೆಮ್ಮುತ್ತಿದ್ದರು, ಮೂರು ಬೆಂಚಿನಾಚೆಯವರೂ ಕೈ ನಿಲ್ಲಿಸುತ್ತಿದ್ದರು. "ಸಾರ್, ಪೀಸ್ ಕೆಟ್ಟಿದೆ ಅಂತ ಸ್ಕ್ರ್ಯಾಪಿಗೆ ಎಸೆಯೋ ಮುಂಚೆ ರೀವರ್ಕಿಗೆ ಒಂದು ಚಾನ್ಸ್ ಕೊಡ್ತಾರೆ. ಕೊಡಿ. ನಾವು ಗಿಡ ಹಿಡಿಸ್ತೀವಿ."

"ಯಾರು ನೋಡ್ಕೊಳ್ಳೋರು?"

"ನಾವು," ಎಂದೆ ನಾನು. ಹೀಗೆ ಥಟ್ಟನೆ ಹೇಳಿದೆನೆಂದು ನನ್ನ ನೆನಪು. ಫೋರ್‌ಮನ್ ಪ್ರಕಾರ ನಾನು ಬಹಳ ಹೊತ್ತು ಸುಮ್ಮನಿದ್ದೆ. ಅವರು ನನ್ನ ಮುಖ ನೋಡಿದ ಮೇಲೆ ಹೇಳಿದೆ. ಅದೂ "ನೋಡೋಣ" ಅಂತ.

ಅಂತೂ ಎಂಜಿನಿಯರ್ ಎರಡು ಮಳೆಗಾಲ ಕೊಟ್ಟರು. ಎರಡನೆಯದು ಮುಗಿಯುವ ಹೊತ್ತಿಗೆ ದಂಡೆ ನಿಂತಿರಬೇಕು, ಹಸಿರು ಹಿಡಿದಿರಬೇಕು. ಹಾಗಾದರೆ ಹಳ್ಳ ತೆರೆದೇ ಇರುತ್ತದೆ, ಇಲ್ಲದಿದ್ದರೆ ಬಾಕ್ಸು. ಅಲ್ಲಿಯವರೆಗೆ ದಂಡೆಗೆ ದನ ಇಳಿಯುವಂತಿಲ್ಲ.

ಈ ಕೊನೆಯ ಮಾತು ಕೇಳಿ ಹಾಲಿನಮ್ಮ ನನ್ನ ಕಡೆ ತಿರುಗಿದರು. "ನನ್ ಹಸ ಉಳೀಲಿ ಅಂತ ನನ್ ಹಸೀಗೇ ಬೇಲಿ ಹಾಕ್ತಿದೀರ. ಚೆನ್ನಾಗದೆ ಕಣವ್ವ ನಿಮ್ ನ್ಯಾಯ." ಆದರೆ ಒಪ್ಪಿದರು. ಆವತ್ತಿನಿಂದ ಕೆ.ಆರ್. ಪುರಂ ಸಂತೆಯಿಂದ ಹುಲ್ಲಿನ ಹೊರೆ ಟೆಂಪೋದಲ್ಲಿ ಬರತೊಡಗಿತು. ಪ್ರತಿ ಹೊರೆ ಇಳಿಯುವಾಗಲೂ ಅವರ ದೊಡ್ಡ ಮಗ, "ಹಸ ಮಾರ್ಬುಡಮ್ಮ, ಸಾಕು," ಎನ್ನುತ್ತಿದ್ದ. ಎರಡು ಮಳೆಗಾಲ ಅವನನ್ನು ತಡೆಯಬೇಕಿತ್ತು. ಹಳ್ಳ ಮುಚ್ಚಿದರೆ ಅವನ ಮಾತೇ ಗೆಲ್ಲುತ್ತಿತ್ತು.

ನಾನೂ ಫೋರ್‌ಮನ್ನೂ ಶಿವಾಜಿನಗರಕ್ಕೆ ಹೋಗಿ ಹಳೆಯ ಗೋಣಿಚೀಲ ತಂದೆವು. ಅವರು ಒಂದು ಅಂಗಡಿಯಲ್ಲಿ ತಮಿಳಿನಲ್ಲಿ, ಇನ್ನೊಂದರಲ್ಲಿ ಉರ್ದುವಿನಲ್ಲಿ ಚೌಕಾಸಿ ಮಾಡಿ, ಕೊನೆಗೆ ಮೊದಲನೆಯ ಅಂಗಡಿಗೇ ವಾಪಸು ಬಂದರು. ಬಸ್ಸಿನ ತುಂಬ ಈರುಳ್ಳಿ ವಾಸನೆ. ಚೀಲಗಳನ್ನು ಸೀಳಿ ಇಳಿಜಾರಿನ ಮೇಲೆ ಹಾಸಿ ಗೂಟ ಹೊಡೆದೆವು. ನಡುವೆ ತೂತು ಮಾಡಿ ಲಾವಂಚದ ಬುಡಗಳನ್ನು, ಲಕ್ಕಿಗಿಡದ ಕಡ್ಡಿಗಳನ್ನು ನೆಟ್ಟೆವು. ಮೇಲೆ, ರಸ್ತೆಯ ಅಂಚಿಗೆ, ಹೊಂಗೆ ಸಸಿಗಳು. ಪ್ರತಿ ಗಿಡಕ್ಕೂ ಬಣ್ಣದ ಬಟ್ಟೆಯ ಚೂರು. ಚಿಗುರಿದ್ದಕ್ಕೆ ಹಸಿರು, ಬಾಡಿದ್ದಕ್ಕೆ ಹಳದಿ, ಸತ್ತದ್ದಕ್ಕೆ ಕೆಂಪು. ಬೀದಿಯವರು ಇದನ್ನು ನೋಡಿ ನಕ್ಕರು. ಆದರೆ ಏಳೆಂಟು ಜನ ಭಾನುವಾರ ಬರತೊಡಗಿದರು. ಎಲ್ಲರೂ ಕಾರ್ಖಾನೆಯವರೇ.

ಇಲ್ಲಿಂದ ನಮ್ಮ ತಪ್ಪು ಶುರು. ಇದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ ಎಂದು ನನಗೀಗಲೂ ಅನ್ನಿಸುತ್ತದೆ.

ವಿಮಾನ ಓಡುವ ನೆಲದ ಮೇಲೆ ಏನೂ ಬಿದ್ದಿರಬಾರದು. ಒಂದು ಮೊಳೆ, ಒಂದು ಕಲ್ಲಿನ ಚೂರು ಸಾಕು. ಎಂಜಿನ್ ಅದನ್ನು ಒಳಗೆಳೆದುಕೊಂಡರೆ ಮುಗಿಯಿತು. ಅದಕ್ಕೇ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಹಾರಾಟಕ್ಕೆ ಮುಂಚೆ ಎಲ್ಲರೂ ಭುಜಕ್ಕೆ ಭುಜ ತಾಗುವಂತೆ ಸಾಲಾಗಿ ನಿಂತು, ತಲೆ ತಗ್ಗಿಸಿ, ನೆಲದ ಉದ್ದಕ್ಕೂ ನಿಧಾನ ನಡೆಯುವುದು. ಕಂಡದ್ದನ್ನೆಲ್ಲ ಹೆಕ್ಕಿ ಚೀಲಕ್ಕೆ ಹಾಕುವುದು. ಅದಕ್ಕೆ ನಾವು ಸಾಲುನಡಿಗೆ ಎನ್ನುತ್ತಿದ್ದೆವು. ಜೀವಮಾನವಿಡೀ ಹಾಗೆ ನಡೆದ ಕಾಲುಗಳು ಹಳ್ಳಕ್ಕೆ ಇಳಿದಾಗ ಬೇರೆ ಹೇಗೆ ನಡೆಯುತ್ತವೆ?

ಫೋರ್‌ಮನ್ ನಡುವೆ, ನಾವು ಎರಡೂ ಕಡೆ. ಮೊದಲ ವಾರಗಳಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ಕು, ಚಪ್ಪಲಿ, ಒಡೆದ ಬಾಟಲಿ. ಅದು ಮುಗಿದ ಮೇಲೂ ಸಾಲು ನಿಲ್ಲಲಿಲ್ಲ. ಒಣಗಿದ ಎಲೆ ಹೆಕ್ಕಿದೆವು. ಕಡ್ಡಿ ಹೆಕ್ಕಿದೆವು. ನೀರಿನಲ್ಲಿ ಕೊಳೆಯುತ್ತಿದ್ದ ಕೊಂಬೆಗಳನ್ನು ಎಳೆದು ಹಾಕಿದೆವು, ಸಡಿಲ ಕಲ್ಲುಗಳನ್ನು ಎತ್ತಿ ರಸ್ತೆ ಬದಿಗೆ ಒಟ್ಟಿದೆವು. ಒಂದು ಭಾನುವಾರ ನಾನೇ ಮಂಡಿಯೂರಿ ಲಾವಂಚದ ಬುಡದಿಂದ ಹೊಂಗೆಯ ತರಗನ್ನು ಒಂದೊಂದಾಗಿ ಆರಿಸಿದ್ದು ನೆನಪಿದೆ. ಇದಕ್ಕೆ ಹಸಿರು. ಬೆರಳಿಗೆ ಆ ಒದ್ದೆ ಎಲೆಯ ಅಂಟು ಇನ್ನೂ ಗೊತ್ತು.

ಬೆಳಗಿನ ನಡಿಗೆಗೆ ಬರುವವರು ನಿಂತು ಹೊಗಳುತ್ತಿದ್ದರು. ಹಾಲಿನಮ್ಮ ಮಾತ್ರ ದಂಡೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ, "ಪೋರ್ಮನ್ನೋರೆ, ಮನೇಲಿ ಅಮ್ಮೋರು ಹಿಂಗೇ ಗುಡಿಸಿಸ್ತಾರಾ ನಿಮ್ ಕೈಲಿ?" ಎನ್ನುತ್ತಿದ್ದರು.

"ಅಲ್ಲಿ ಅವಳೇ ಫೋರ್‌ಮನ್ನಮ್ಮ," ಎನ್ನುತ್ತಿದ್ದರು ಅವರು, ತಲೆಯೆತ್ತದೆ.

ಮೊದಲ ಮಳೆಗಾಲ ಬಂತು. ಗಿಡಗಳ ನಡುವಿನ ಬೋಳು ಮಣ್ಣಿನ ಮೇಲೆ ನೀರು ಗೀರುಗಳನ್ನು ಕೊರೆಯಿತು. ಗೀರುಗಳು ಕೂಡಿ ಕಾಲುವೆಯಾದವು. ಗೋಣಿ ಜಾರಿತು. ಹಳ್ಳದಲ್ಲಿ ತಡೆಯುವುದಕ್ಕೆ ಏನೂ ಇಲ್ಲದೆ ನೀರು ಗಾರೆ ನೆಲದ ಮೇಲೆ ಹರಿದಂತೆ ಹರಿದು ದಂಡೆಯ ಬುಡ ಕಿತ್ತಿತು. ದೀಪಾವಳಿಯ ಹೊತ್ತಿಗೆ ಅರ್ಧಕ್ಕರ್ಧ ಗಿಡಗಳಿಗೆ ಕೆಂಪು ಬಟ್ಟೆ. ಕಪ್ಪೆಯ ಮೌನವನ್ನು ನಾನು ಇಟ್ಟಿರುವುದು ಇಲ್ಲಿಯೇ, ಮಳೆ ನಿಂತ ಒಂದು ಸಂಜೆ. ಇಟ್ಟಿರುತ್ತೇನೆ, ತೆಗೆಯುವುದಿಲ್ಲ.

ಎಂಜಿನಿಯರ್ ಬಂದು ನೋಡಿದರು. ಬೇಸರದಿಂದಲೇ ಹೇಳಿದರು. "ನೀಟಾಗಿ ಇಟ್ಟಿದೀರ ಮೇಡಂ, ಇಷ್ಟು ನೀಟಾಗಿರೋ ಹಳ್ಳ ನಾನು ನೋಡಿಲ್ಲ. ಆದ್ರೆ ದಂಡೆ ಹೋಗ್ತಿದೆಯಲ್ಲ? ಇನ್ನೊಂದೇ ಮಳೆಗಾಲ."

ಅದೇ ವಾರ ಹಾಲಿನಮ್ಮನ ಮನೆ ಮುಂದೆ ದನದ ದಲ್ಲಾಳಿಯೊಬ್ಬ ನಿಂತು ಹಸುಗಳ ಹಲ್ಲು ನೋಡಿದ. ಅವರು ಅವನನ್ನು ಬೈದು ಕಳಿಸಿದರಂತೆ. ನನಗೆ ಮಾತ್ರ ಏನೂ ಬೈಯಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಬೆಳಿಗ್ಗೆ ಹಾಲು ಅಳೆಯುವಾಗ ಇಷ್ಟೇ ಕೇಳಿದರು: "ಆಗ್ತದಾ ಕಣವ್ವ? ಆಗಾಕಿಲ್ಲ ಅಂದ್ರೆ ಈಗ್ಲೇ ಹೇಳ್ಬುಡು. ಕರ ಇದ್ದಾಗ್ಲೇ ಕೊಟ್ರೆ ಒಳ್ಳೆ ಮನೆಗೆ ಹೋಗ್ತವೆ."

"ಇನ್ನೊಂದು ಮಳೆ ಇದೆಯಲ್ಲಮ್ಮ," ಎಂದೆ. ಆಗುತ್ತದೆ ಎನ್ನಲಿಲ್ಲ.

ಫೋರ್‌ಮನ್ ಕೈಕಟ್ಟಿ ಕೂರುವವರಲ್ಲ. "ಪೀಸ್ ಯಾಕೆ ಫೇಲಾಯ್ತು ಅಂತ ಗೊತ್ತಾಗ್ಬೇಕಾದ್ರೆ ಪಕ್ಕದಲ್ಲಿ ಇಟ್ಟು ನೋಡೋಕೆ ಒಳ್ಳೇ ಪೀಸ್ ಒಂದು ಬೇಕಲ್ಲಮ್ಮ," ಎಂದರು. ಇದೇ ನೀರು, ಇದೇ ಮಣ್ಣು, ಆದರೆ ಕೆಡದೆ ಉಳಿದ ಒಂದು ತುಂಡು ದಂಡೆ. ಅದನ್ನು ಹುಡುಕಿಕೊಂಡು ಹಳ್ಳದಗುಂಟ ಕೆಳಕ್ಕೆ ಹೋದೆವು. ರಸ್ತೆಯಡಿಯ ಮೋರಿಯವರೆಗೆ ನಮ್ಮದೇ ಸಾಲುನಡಿಗೆಯ ಜಾಗ. ಮೋರಿಯ ಕಮಾನು ತೀರ ತಗ್ಗು. ಫೋರ್‌ಮನ್‌ಗೆ ಬೆನ್ನು ಅಷ್ಟು ಬಗ್ಗುತ್ತಿರಲಿಲ್ಲವಾದ್ದರಿಂದ ಪ್ರತಿ ವಾರ ಸಾಲು ಅಲ್ಲಿಗೇ ನಿಲ್ಲುತ್ತಿತ್ತು. ಅದರಾಚೆ ನಾವು ಹೋದದ್ದೇ ಇಲ್ಲ.

ಆ ದಿನ ರಸ್ತೆ ದಾಟಿ ಆಚೆ ಕಡೆಯಿಂದ ಇಳಿದೆವು. ಅಲ್ಲಿಯೂ ಜೆಸಿಬಿ ಕೆರೆದಿತ್ತು, ಅಲ್ಲಿಯೂ ಅದೇ ಕೆಂಪು ಮಣ್ಣು ತುಂಬಿದ್ದರು. ಮೋರಿಯಿಂದ ಸ್ವಲ್ಪ ಕೆಳಗೆ ಒಂದು ತೆಂಗಿನ ದಿಮ್ಮಿ ಹಳ್ಳಕ್ಕೆ ಅಡ್ಡ ಸಿಕ್ಕಿಕೊಂಡಿತ್ತು. ಅದರ ಹಿಂದೆ ಎಲೆ, ಕಡ್ಡಿ, ಗರಿ, ಯಾರದೋ ಮದುವೆ ಚಪ್ಪರದ ಬಾಳೆಕಂದು, ಎಲ್ಲ ಒಟ್ಟಾಗಿ ಕೊಳೆತು ಕಪ್ಪಾಗಿ ಕೂತಿದ್ದವು. ಆ ಕಪ್ಪಿನೊಳಗಿಂದ ಜೊಂಡು ಎದ್ದಿತ್ತು. ದಂಡೆಯ ತುಂಬ ಗರಿಕೆ. ಮಣ್ಣು ಒಂದು ಹಿಡಿಯಷ್ಟೂ ಜಾರಿರಲಿಲ್ಲ. ಯಾರೂ ಅಲ್ಲಿ ಏನನ್ನೂ ನೆಟ್ಟಿರಲಿಲ್ಲ.

ಏಡಿಯನ್ನು ಮೊದಲು ಕಂಡವರು ಯಾರು ಎಂಬುದರಲ್ಲಿ ನಮಗಿಬ್ಬರಿಗೂ ಜಗಳವಿದೆ. ನಾನು ಕಂಡೆನೆಂದು ನಾನು, ಅವರು ಕಂಡರೆಂದು ಅವರು. ಇಬ್ಬರಿಗಿಂತ ಮುಂಚೆ ಏಡಿಯೇ ನಮ್ಮನ್ನು ಕಂಡಿರಬೇಕು, ದಿಮ್ಮಿಯ ಕೆಳಕ್ಕೆ ಅಡ್ಡಡ್ಡ ಓಡಿತು. ನೀರು ಒಂದಿಷ್ಟು ನಿಂತಿದ್ದ ಕಡೆ ಗೊದಮೊಟ್ಟೆಗಳು ಕಿಕ್ಕಿರಿದಿದ್ದವು. ಜೊಂಡಿನ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆಗಳು. ನಮ್ಮ ಕಡೆ ಒಂದು ವರ್ಷದಲ್ಲಿ ಒಂದನ್ನೂ ನೋಡಿರಲಿಲ್ಲ ಎಂಬುದು ಅವನ್ನು ನೋಡಿದಾಗ ಹೊಳೆಯಿತು.

ಫೋರ್‌ಮನ್ ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. ಮೋರಿಯ ಈ ಕಡೆ ನೋಡಿದರು, ಆ ಕಡೆ ನೋಡಿದರು.

"ಇಲ್ಲಿಗೂ ಅಲ್ಲಿಗೂ ಏನಮ್ಮ ವ್ಯತ್ಯಾಸ?"

"ಇಲ್ಲಿ ಕಸ ಇದೆ ಸಾರ್."

"ಮತ್ತೆ?"

"ಇಲ್ಲಿ ನಾವು ಬಂದಿಲ್ಲ."

ಅವರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಇರಬಾರದ ವಸ್ತು ಇರಬಾರದು ಅಂತ ವರ್ಷವೆಲ್ಲ ಹುಡುಕಿದ್ವಲ್ಲಮ್ಮ. ನಮ್ಮ ಸಾಲೇ ಆ ವಸ್ತು." ಮೂವತ್ತು ವರ್ಷದ ಅಭ್ಯಾಸವೊಂದು ಕಳಚಿ ಬಿದ್ದಾಗ ಮನುಷ್ಯ ಹೀಗೆ ನಗಬಹುದೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಸಾಲು ಮತ್ತೆ ನಿಂತಿತು. ಈ ಬಾರಿ ಚೀಲಗಳು ತುಂಬಿದ್ದವು. ಕಾರ್ಖಾನೆಯ ವಸತಿಗೃಹಗಳ ಬೀದಿಗಳಲ್ಲಿ ಗುಡಿಸಿ ಸುಡುವುದಕ್ಕೆ ಒಟ್ಟಿದ್ದ ತರಗನ್ನು ವಾರವೆಲ್ಲ ಕೇಳಿ ಕೇಳಿ ತಂದಿದ್ದೆವು. ತೆಂಗಿನ ಗರಿ, ಕತ್ತರಿಸಿದ ಕೊಂಬೆ, ನಾವೇ ಎತ್ತಿ ಒಟ್ಟಿದ್ದ ಆ ಕಲ್ಲುಗಳು. ಕೊಂಬೆಗಳನ್ನು ಕಟ್ಟು ಕಟ್ಟಿ ಇಳಿಜಾರಿಗೆ ಅಡ್ಡಲಾಗಿ ಮಲಗಿಸಿ ಗೂಟ ಬಡಿದೆವು. ಭುಜಕ್ಕೆ ಭುಜ ತಾಗಿಸಿ, ತಲೆ ತಗ್ಗಿಸಿ, ನಡೆಯುತ್ತ ಎಲೆ ಚೆಲ್ಲಿದೆವು. ಹಾಲಿನಮ್ಮ ಹಸುಗಳು ತಿಂದು ಉಳಿಸಿದ ಜೋಳದ ದಂಟಿನ ಹೊರೆ ತಂದು ಕೆಡವಿದರು. "ಕಸ ಹಾಕಾಕೂ ಪೆರೇಡ್ ಬೇಕಾ ನಿಮ್ಗೆ?" ಎಂದರು.

ಅಷ್ಟರಲ್ಲಿ ನಮ್ಮ ವಾರ್ಡಿನ ಸ್ವಚ್ಛತೆ ನೋಡಿಕೊಳ್ಳುವ ಮೇಸ್ತ್ರಿ ಸೈಕಲ್ ನಿಲ್ಲಿಸಿದ.

"ಏನ್ ಸಾರ್ ಇದು? ನೀವೇ ಕ್ಲೀನ್ ಮಾಡ್ತಿದ್ರಿ. ಈಗ ಚೀಲಗಟ್ಲೆ ಸುರೀತಿದೀರ?"

"ಒಳ್ಳೇ ಕಸ ಇದು," ಎಂದರು ಫೋರ್‌ಮನ್.

"ಕಸದಲ್ಲಿ ಒಳ್ಳೇದು ಕೆಟ್ಟದ್ದು ಇದ್ಯಾ? ಓದಿರೋರು ನೀವೇ ಹಿಂಗ್ ಮಾಡಿದ್ರೆ ನಾನು ಯಾರಿಗೆ ಹೇಳ್ಲಿ? ದಂಡ ಬರೀತೀನಿ ನೋಡಿ."

"ಬರ್ಕೊಳಪ್ಪ," ಎಂದರು ಹಾಲಿನಮ್ಮ. "ದಂಟು ಹಾಕಿದ್ದು ನಾನು. ಹಸ ತಿಂದು ಬುಟ್ಟದ್ದು. ಹಸೀನ್ ಹೆಸರಿಗೇ ಬರ್ಕೋ."

ಮೇಸ್ತ್ರಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಸಾಲಿನ ಕೊನೆಯಲ್ಲಿದ್ದ ನನ್ನ ಕೈಯ ಚೀಲದಲ್ಲಿ ಇಣುಕಿ, ತಲೆ ಅಲ್ಲಾಡಿಸಿ ಸೈಕಲ್ ಹತ್ತಿದ. ದಂಡ ಬರೆಯಲಿಲ್ಲ. ಕೆಲವು ವಾರಗಳ ನಂತರ ಅವನೇ ಒಂದು ಗಾಡಿ ತರಗೆಲೆ ತಂದು ಸುರಿದು, "ಇದು ಒಳ್ಳೇದಾ, ಕೆಟ್ಟದ್ದಾ, ನೋಡ್ಕೊಳ್ಳಿ," ಎಂದು ಹೋದ.

ಎರಡನೆಯ ಮಳೆಗಾಲದ ದೊಡ್ಡ ಮಳೆ ಮಧ್ಯಾಹ್ನ ಬಂತು. ಕಾರ್ಖಾನೆಯ ಬಸ್ಸು ನನ್ನನ್ನು ಇಳಿಸಿದಾಗ ರಸ್ತೆಯೇ ಹಳ್ಳವಾಗಿತ್ತು. ದಂಡೆಯ ಮೇಲೆ ಕೊಡೆ ಹಿಡಿದು ಫೋರ್‌ಮನ್, ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಹಾಲಿನಮ್ಮ. ಅವರ ಪಕ್ಕಕ್ಕೆ ಹೋಗಿ ನಿಂತೆ. ಕೆಂಪು ನೀರು ದಂಡೆಯ ಅರ್ಧದವರೆಗೆ ಏರಿತ್ತು. ತೇಲಿಹೋಗುವ ಎಲೆ ತೇಲಿಹೋಯಿತು. ಆದರೆ ಕೊಂಬೆಯ ಕಟ್ಟುಗಳು ಜಾಗ ಬಿಡಲಿಲ್ಲ. ಒಂದೊಂದು ಕಟ್ಟಿನ ಹಿಂದೆಯೂ ನೀರು ಮುಗ್ಗರಿಸಿ, ನಿಧಾನವಾಗಿ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಕಳೆದ ವರ್ಷ ಮಣ್ಣು ಕದ್ದ ನೀರು ಈ ವರ್ಷ ಮಣ್ಣು ತಂದು ಕೊಡುತ್ತಿತ್ತು.

ಮರುದಿನ ಬೆಳಿಗ್ಗೆ ದಂಡೆ ನಿಂತಿತ್ತು. ನಾನು ಈ ವಾಕ್ಯವನ್ನು ಹಲವು ರೀತಿಯಲ್ಲಿ ಬರೆದು ಹೊಡೆದುಹಾಕಿದ್ದೇನೆ. ದಂಡೆ ನಿಂತಿತ್ತು.

ಆಮೇಲಿನದೆಲ್ಲ ಒಂದರ ಮೇಲೊಂದು ಬಂತು, ಯಾವುದು ಮೊದಲು ಎಂದು ಕೇಳಬೇಡಿ. ಲಾವಂಚ ಎದೆಯುದ್ದ ಎದ್ದಿತು. ಲಕ್ಕಿ ನೀಲಿ ಹೂ ಬಿಟ್ಟಿತು. ನಾವು ನೆಡದ ಗರಿಕೆ, ನಾವು ನೆಡದ ಜೊಂಡು ತಾವಾಗಿ ಬಂದವು. ಏಡಿಗಳು ಮೋರಿ ದಾಟಿ ಈಚೆಗೆ ಬಂದು ದಂಡೆಯ ಬುಡದಲ್ಲಿ ತೂತು ಕೊರೆದವು. ಫೋರ್‌ಮನ್ ಅದನ್ನೂ ಬಿರುಕೆಂದು ತಿಳಿದು ಒಂದು ದಿನ ಪೂರ್ತಿ ಕೊರಗಿದರು. ಮಿಂಚುಳ್ಳಿಯೊಂದು ನಮ್ಮ ಗೂಟದ ಮೇಲೆ, ಕೆಂಪು ಬಟ್ಟೆಯ ಪಕ್ಕದಲ್ಲೇ ಕೂತು ನೀರು ನೋಡುತ್ತಿತ್ತು. ಕಪ್ಪೆಗಳ ಬಗ್ಗೆ ಈಗ ಅನುಮಾನವೇ ಇಲ್ಲ. ಇಳಿಯುವ ವಿಮಾನದ ಸದ್ದು ಮುಗಿಯುವ ಮುಂಚೆಯೇ ಅವುಗಳ ಕೂಗು ಅದರೊಳಗಿಂದ ಎದ್ದು ಬರುತ್ತಿತ್ತು. ನಮ್ಮ ಬೀದಿಯ ಒಬ್ಬರು ಕಪ್ಪೆಯ ಕಾಟಕ್ಕೆ ನಿದ್ದೆಯಿಲ್ಲವೆಂದು ನನ್ನ ಹತ್ತಿರ ದೂರು ಹೇಳಿದರು. ನನ್ನ ಬದುಕಿನಲ್ಲಿ ನಾನು ಕೇಳಿದ ಅತ್ಯಂತ ಸಿಹಿಯಾದ ದೂರು.

ಎಂಜಿನಿಯರ್ ಬಂದರು. ದಂಡೆಗೆ ಇಳಿದು ಬೂಟಿನ ಹಿಮ್ಮಡಿಯಿಂದ ಒದ್ದರು. ಮತ್ತೊಂದು ಕಡೆ ಒದ್ದರು. ಒಂದು ಲಾವಂಚದ ಬುಡ ಹಿಡಿದು ಎರಡೂ ಕೈಯಿಂದ ಎಳೆದರು. ಅದು ಬರಲಿಲ್ಲ, ಅವರೇ ಕೂತುಬಿಟ್ಟರು. ಯಾರೂ ನಗಲಿಲ್ಲ. ಎದ್ದು ಪ್ಯಾಂಟು ಝಾಡಿಸಿಕೊಂಡು, "ಬಾಕ್ಸ್ ಬೇಡ ಬಿಡಿ," ಎಂದರು.

"ಇನ್ ಹುಲ್ಲು?" ಎಂದರು ಹಾಲಿನಮ್ಮ.

"ದನ ಇಳಿಸ್ಬೇಡಿ ಅಮ್ಮ. ಕುಯ್ಕೊಳ್ಳಿ. ಬುಡ ಬಿಟ್ಟು ಕುಯ್ಕೊಳ್ಳಿ."

ಅವರು ಕುಡುಗೋಲು ತರಲು ಮನೆಗೆ ಹೋಗಬೇಕಾಗಲಿಲ್ಲ. ಬರುವಾಗಲೇ ಸೀರೆಯ ಮಡಿಲಲ್ಲಿ ಸುತ್ತಿ ತಂದಿದ್ದರು. ಎರಡು ಮಳೆಗಾಲದ ನಂತರ ಮೊದಲ ಹೊರೆ ಕುಯ್ದು, ಕಟ್ಟಿ, ತಲೆಯ ಮೇಲೆ ಎತ್ತಿಸಿಕೊಂಡರು. ರಸ್ತೆಯ ಅಂಚಿಗೆ ಬರದೆ ನಟ್ಟನಡುವೆ ನಡೆದರು. ಹಿಂದಿನಿಂದ ಬಸ್ಸು ಹಾರನ್ ಹೊಡೆದರೂ ತಿರುಗಲಿಲ್ಲ. ನಾವು ಅವರ ಹಿಂದೆ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಡೆದೆವು. ಅವರ ದೊಡ್ಡ ಮಗ ಬಾಗಿಲಲ್ಲಿ ನಿಂತವನು ತಾನಾಗಿಯೇ ಬಂದು ಹೊರೆ ಇಳಿಸಿಕೊಂಡ. ಮೂರು ಹಸುಗಳೂ ಹಗ್ಗ ಜಗ್ಗಿದವು. ಸಾಲಾಗಿ ನಡೆಯಲಿಲ್ಲ, ಗುಂಪಾಗಿ ಹೋದೆವು ಎನ್ನುತ್ತಾರೆ ಫೋರ್‌ಮನ್. ಇರಬಹುದು. ಹಸುಗಳು ಹಗ್ಗ ಜಗ್ಗಿದ್ದನ್ನು ಅವರೂ ಒಪ್ಪುತ್ತಾರೆ.

ಆ ಮೇಲೆ ಎಷ್ಟೋ ಆಯಿತು. ಮಾರತ್ತಹಳ್ಳಿ ಗುರುತು ಸಿಗದಂತೆ ಬೆಳೆಯಿತು, ವಿಮಾನಗಳು ಊರಾಚೆಗೆ ಹೋಗಿ ಇಳಿಯತೊಡಗಿದವು. ಹಳ್ಳ ತೆರೆದೇ ಇತ್ತು. ಅದನ್ನು ನೋಡಲು ಬೇರೆ ಬಡಾವಣೆಗಳಿಂದ ಬಂದವರು, ಎಲೆ ಹಾಕಿದರೆ ದಂಡೆ ನಿಲ್ಲುತ್ತದಂತೆ ಹೌದೇ ಎಂದು ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ.

ಆದರೆ ಎರಡನೆಯ ವರ್ಷ ಮಳೆ ನಿಜಕ್ಕೂ ಮೊದಲನೆಯದರಷ್ಟು ಬಿರುಸಾಗಿತ್ತೋ ಇಲ್ಲವೋ ನಾವು ಅಳೆದಿರಲಿಲ್ಲ. ಉಳಿದ ಗಿಡಗಳಿಗೆ ಒಂದು ವರ್ಷ ವಯಸ್ಸಾಗಿತ್ತು, ಬೇರು ತಾನಾಗಿಯೇ ಇಳಿದಿರಬಹುದು. ಗೊತ್ತಾಗಬೇಕಿದ್ದರೆ ಒಂದು ತುಂಡು ದಂಡೆಯನ್ನು ಹಾಗೇ ಬೋಳಾಗಿ ಬಿಟ್ಟು ಪಕ್ಕದಲ್ಲಿಟ್ಟು ನೋಡಬೇಕಿತ್ತು. ತಪಾಸಣೆಯಲ್ಲಿ ಜೀವನ ಕಳೆದ ನಮಗೆ ಇದು ತಿಳಿಯದ್ದಲ್ಲ. ಆದರೆ ಆ ತುಂಡು ಕುಸಿದರೆ ಬಾಕ್ಸು ಬರುತ್ತಿತ್ತು, ಹಸುಗಳು ಹೋಗುತ್ತಿದ್ದವು. ಕಸ ಸುರಿದ ಆ ಭಾನುವಾರ ಫೋರ್‌ಮನ್ ನನ್ನ ಮುಖ ನೋಡಿದರು, ನಾನು ಹಾಲಿನಮ್ಮನ ಮುಖ ನೋಡಿದೆ, ಇಬ್ಬರೂ ಚೀಲ ಬರಿದಾಗುವವರೆಗೆ ಸುರಿದೆವು. ದಂಡೆಯನ್ನು ಉಳಿಸಿದ್ದು ಯಾವುದು ಎಂದು ನನಗೆ ಗೊತ್ತಿಲ್ಲ.